ರೋಬೋಟ್ ಅಪ್ಪಯ್ಯನನ್ನು ನಡೆಸುತ್ತದೆಯೇ? ಸಾಲ ಮಾಡುವ ಮೊದಲು ಕೆಲವು ಮಾತು

ಪ್ರಶ್ನೆ: ಡಾಕ್ಟರೇ, ನಾನು ಶಿರಸಿ ಸಮೀಪದ ಹಳ್ಳಿಯವಳು, ಪ್ರೌಢಶಾಲೆಯಲ್ಲಿ ಶಿಕ್ಷಕಿ. ನನ್ನ ಅಪ್ಪಯ್ಯನಿಗೆ 66 ವರ್ಷ, ಅಡಿಕೆ ಕೃಷಿಕರು. ಹತ್ತು ವಾರಗಳ ಹಿಂದೆ ಲಕ್ವ ಹೊಡೆದು ಎಡಭಾಗ ಸ್ವಾಧೀನ ತಪ್ಪಿತು. ಮೆದುಳಿನ ಬಲಭಾಗದಲ್ಲಿ ರಕ್ತನಾಳ ಕಟ್ಟಿದೆ ಎಂದು ಸ್ಕ್ಯಾನ್ ನೋಡಿ ಹೇಳಿದರು. ಮೊದಲ ವಾರ ಕೂರಿಸಿದರೆ ಎಡಕ್ಕೆ ವಾಲಿ ಬೀಳುತ್ತಿದ್ದರು. ಈಗ ಮಂಚದ ಅಂಚಿನಲ್ಲಿ ಆಸರೆಯಿಲ್ಲದೆ ಕೂರುತ್ತಾರೆ. ಎದ್ದು ನಿಲ್ಲಿಸಲು ಇಬ್ಬರು ಬೇಕು. ನಿಂತರೆ ಎಡ ಮಂಡಿ ಕುಸಿಯುತ್ತದೆ, ಹೆಜ್ಜೆ ಏಳುವುದಿಲ್ಲ. ಮಲಗಿದಾಗ ಎಡ ತೊಡೆಯನ್ನು ಸ್ವಲ್ಪ ಬಿಗಿಮಾಡಬಲ್ಲರು, ಪಾದ ಅಲುಗುವುದಿಲ್ಲ. ಮಾತು, ನೆನಪು ಚೆನ್ನಾಗಿವೆ. ಆದರೆ ಸಿಡುಕು ಹೆಚ್ಚಾಗಿದೆ. ಊಟಕ್ಕೆ ಕೂತರೆ ಎಲೆಯ ಎಡಗಡೆಯ ಪಲ್ಯ, ಉಪ್ಪಿನಕಾಯಿ ಹಾಗೆಯೇ ಉಳಿದಿರುತ್ತವೆ. ಕೇಳಿದರೆ ‘ಬಡಿಸಲೇ ಇಲ್ಲವಲ್ಲ’ ಎಂದು ನಮ್ಮ ಮೇಲೆಯೇ ರೇಗುತ್ತಾರೆ. ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ, ಬಿಪಿ ಇವೆ.

ಬೆಂಗಳೂರಿನಲ್ಲಿರುವ ತಮ್ಮ, ಅಲ್ಲಿನ ಒಂದು ಕೇಂದ್ರದಲ್ಲಿ ರೋಬೋಟ್ ರೋಗಿಗಳನ್ನು ನಡೆಸುವ ವಿಡಿಯೋ ಕಳಿಸಿದ್ದಾನೆ. 48 ಸೆಷನ್‌ಗೆ 1,80,000 ರೂಪಾಯಿ, ಪೂರ್ತಿ ಮುಂಗಡ. ಬಾಡಿಗೆ ಮನೆ, ಸಹಾಯಕ್ಕೆ ಆಳು ಎಲ್ಲ ಸೇರಿ ಮೂರೂವರೆ ಲಕ್ಷ ದಾಟುತ್ತದೆ. ಅಡಿಕೆ ಮಾರಿದ ಹಣ ಆಸ್ಪತ್ರೆಗೇ ಹೋಯಿತು. ಇದಕ್ಕೆ ತೋಟದ ಮೇಲೆ ಸೊಸೈಟಿಯಲ್ಲಿ ಸಾಲ ತೆಗೆಯಬೇಕು. ಸೋದರಮಾವ ಎಣ್ಣೆ ತಿಕ್ಕಿಸಿದರೆ ಸಾಕು ಎನ್ನುತ್ತಾರೆ. ರೋಬೋಟ್ ಸತ್ತ ನರಗಳಿಗೆ ಜೀವ ಕೊಡುತ್ತದೆಯೇ? ಮೂರು ತಿಂಗಳು ದಾಟಿದರೆ ಮತ್ತೆ ಆಗುವುದಿಲ್ಲ ಎಂಬುದು ನಿಜವೇ? ಇದರಿಂದ ಅಪಾಯವಿದೆಯೇ? ಇಂಥದ್ದೇ ಸಾಧನವನ್ನು ಮನೆಗೇ ಕೊಳ್ಳಬಹುದೇ?

ಉತ್ತರ: ನೀವು ನಾಲ್ಕು ಪ್ರಶ್ನೆ ಕೇಳಿದ್ದೀರಿ. ನಾಲ್ಕರ ಅಡಿಯಲ್ಲೂ ಒಂದೇ ಅಳುಕು ಕಾಣುತ್ತಿದೆ: ಈಗ ಕರೆದೊಯ್ಯದೆ, ಮುಂದೆ ಅಪ್ಪಯ್ಯ ನಡೆಯದೇ ಹೋದರೆ, ದುಡ್ಡಿನ ಮುಖ ನೋಡಿ ಅವರ ಕಾಲು ಕಳೆದೆವು ಎಂಬ ಕೊರಗು ಉಳಿದುಬಿಡುತ್ತದೆಯೇ ಎಂದು. ಪುನಶ್ಚೇತನ ವೈದ್ಯನಾಗಿ ಈ ಅಳುಕಿಲ್ಲದ ಕುಟುಂಬವನ್ನು ನಾನು ಕಂಡಿಲ್ಲ. ಮುಂಗಡ ಕೇಳುವವರಿಗೂ ಅದು ಚೆನ್ನಾಗಿ ಗೊತ್ತಿರುತ್ತದೆ. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ: ನಿಮ್ಮ ತಂದೆಯವರಿಗೆ ಈ ಯಂತ್ರದಿಂದ ಪ್ರಯೋಜನವಾಗುವ ಸಾಧ್ಯತೆ ಇದೆ. ಆದರೆ 48 ಸೆಷನ್ ಬೇಕಾಗಿಲ್ಲ, ಪೂರ್ತಿ ಮುಂಗಡ ಕೊಡಬೇಕಾಗಿಲ್ಲ, ತೋಟದ ಮೇಲೆ ಸಾಲವಂತೂ ಖಂಡಿತ ಬೇಡ. ಯಾಕೆಂದು ವಿವರಿಸುತ್ತೇನೆ.

ಯಂತ್ರ ಯಾಕೆ ಹುಟ್ಟಿತು ಎಂದು ತಿಳಿದರೆ ಅದರ ಮಿತಿಯೂ ತಿಳಿಯುತ್ತದೆ. ಪಾರ್ಶ್ವವಾಯು ಆದವರನ್ನು ಸೊಂಟಕ್ಕೆ ಪಟ್ಟಿ ಕಟ್ಟಿ ಮೇಲಿನಿಂದ ತೂಗುಹಾಕಿ, ದೇಹದ ಭಾರ ಕಡಿಮೆ ಮಾಡಿ, ಟ್ರೆಡ್‌ಮಿಲ್ ಮೇಲೆ ನಡೆಸುವ ಪದ್ಧತಿ ಮೊದಲು ಬಂತು. ಅದರಲ್ಲಿ ಫಿಸಿಯೋಥೆರಪಿಸ್ಟ್ ಕೆಳಗೆ ಕೂತು ಸ್ವಾಧೀನವಿಲ್ಲದ ಕಾಲನ್ನು ಒಂದೊಂದೇ ಹೆಜ್ಜೆಗೆ ಎತ್ತಿ ಇಡಬೇಕು. ಇನ್ನೊಬ್ಬರು ಸೊಂಟ ಹಿಡಿದಿರಬೇಕು. ಹತ್ತು ನಿಮಿಷಕ್ಕೆ ಕೂತವರ ಬೆನ್ನು ಹೋಗುತ್ತದೆ. ಈ ಕೂಲಿಯ ಕೆಲಸವನ್ನು ಮೋಟಾರಿಗೆ ವಹಿಸೋಣ ಎಂದು ಹೊರಟವರು ಬರ್ಲಿನ್‌ನಲ್ಲಿ ಸ್ಟೆಫಾನ್ ಹೆಸ್ಸೆ ಮತ್ತು ಅವರ ಸಂಗಡಿಗರು, ಜ್ಯೂರಿಕ್‌ನಲ್ಲಿ ಗೆರಿ ಕೊಲಂಬೊ ಮತ್ತು ಅವರ ತಂಡ. ಬರ್ಲಿನ್‌ನ ಗೇಟ್ ಟ್ರೈನರ್ ಎಂಬ ನಡಿಗೆ ಯಂತ್ರದಲ್ಲಿ ರೋಗಿಯ ಪಾದಗಳು ಎರಡು ಚಲಿಸುವ ಹಲಗೆಗಳ ಮೇಲಿರುತ್ತವೆ. ಜ್ಯೂರಿಕ್‌ನ ಲೋಕೋಮ್ಯಾಟ್‌ನಲ್ಲಿ ಕಾಲಿಗೆ ಹೊರಗಿನಿಂದ ಲೋಹದ ಚೌಕಟ್ಟು ಕಟ್ಟಿ, ಸೊಂಟ ಮತ್ತು ಮಂಡಿಯ ಕೀಲುಗಳನ್ನು ಮೋಟಾರು ಬಗ್ಗಿಸುತ್ತದೆ. ನಿಮ್ಮ ತಮ್ಮ ಕಳಿಸಿದ ವಿಡಿಯೋದಲ್ಲಿ ಇರುವುದು ಇವೆರಡರ ಜಾತಿಯದ್ದೇ ಇರಬೇಕು. ಒಂದು ವಿಷಯ ಗಮನಿಸಿ: ಲೋಕೋಮ್ಯಾಟ್‌ನಲ್ಲಿ ಕಣಕಾಲಿಗೆ ಮೋಟಾರಿಲ್ಲ, ಪಾದ ಜೋಲದಂತೆ ಎತ್ತಿಹಿಡಿಯುವ ಪಟ್ಟಿ ಮಾತ್ರ ಇರುತ್ತದೆ. ನಿಮ್ಮ ತಂದೆಯವರಿಗೆ ಪಾದವೇ ಅಲುಗುತ್ತಿಲ್ಲ. ಈ ಮಾತಿಗೆ ಮತ್ತೆ ಬರುತ್ತೇನೆ.

ಸತ್ತ ನರಗಳಿಗೆ ಜೀವ ಕೊಡುವ ಯಂತ್ರ ಯಾವುದೂ ಇಲ್ಲ. ರಕ್ತ ಸಿಗದೆ ಸತ್ತ ಮೆದುಳಿನ ಭಾಗ ಸತ್ತದ್ದೇ. ಕಾಲಿನ ನರಗಳಾದರೋ ಸತ್ತೇ ಇಲ್ಲ, ಅವಕ್ಕೆ ಮೇಲಿನಿಂದ ಆಜ್ಞೆ ಬರುತ್ತಿಲ್ಲ, ಅಷ್ಟೆ. ಮೊದಲ ವಾರಗಳಲ್ಲಿ ಗಾಯದ ಸುತ್ತಲಿನ ಬಾವು ಇಳಿದು, ಬದುಕುಳಿದ ಭಾಗ ಕೆಲಸಕ್ಕೆ ಮರಳುತ್ತದೆ. ಆಮೇಲೆ ಉಳಿದ ಜೀವಕೋಶಗಳು ಹೊಸ ಸಂಪರ್ಕ ಬೆಳೆಸಿಕೊಂಡು ಹಳೆಯ ಕೆಲಸವನ್ನು ಹಂಚಿಕೊಳ್ಳುತ್ತವೆ. ಈ ಹಂಚಿಕೆ ಆಗುವುದು ಅದೇ ಕೆಲಸವನ್ನು ಮತ್ತೆ ಮತ್ತೆ, ಸ್ವಂತ ಪ್ರಯತ್ನದಿಂದ ಮಾಡಿದಾಗ. ನಡೆಯುವುದನ್ನು ಕಲಿಯಲು ನಡೆಯಬೇಕು. ಮಲಗಿಸಿ ಕಾಲು ಮಡಿಸಿ ಬಿಡಿಸಿದರೆ ಕೀಲು ಗಟ್ಟಿಯಾಗುವುದು ತಪ್ಪುತ್ತದೆ, ನಡಿಗೆ ಬರುವುದಿಲ್ಲ.

ಇಲ್ಲೇ ಯಂತ್ರದ ನಿಜವಾದ ಬಲ ಇರುವುದು, ಅದು ಹೆಜ್ಜೆಗಳ ಎಣಿಕೆಯಲ್ಲಿ. ಅಮೆರಿಕ ಮತ್ತು ಕೆನಡಾದ ಪುನಶ್ಚೇತನ ಕೇಂದ್ರಗಳಲ್ಲಿ ನಡೆಸಿ 2009ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ನಡಿಗೆ ಅಭ್ಯಾಸದ ಒಂದು ಸೆಷನ್‌ನಲ್ಲಿ ರೋಗಿ ಸರಾಸರಿ 357 ಹೆಜ್ಜೆ ಹಾಕಿದ್ದು ಕಂಡುಬಂತು. ಅದೂ ಸೌಕರ್ಯವಿರುವ ಕಡೆ. ಕಾಲೇ ಏಳದವರಿಗೆ ಅದು ಐವತ್ತು ದಾಟುವುದೂ ಕಷ್ಟ. ಯಂತ್ರದಲ್ಲಿ ಇಪ್ಪತ್ತು–ಮೂವತ್ತು ನಿಮಿಷಕ್ಕೆ ಸಾವಿರದ ಹತ್ತಿರ ಹೆಜ್ಜೆ ಸಾಧ್ಯ. ಅಂದರೆ ಯಂತ್ರ ಕೊಡುವುದು ದಣಿಯದ ಎರಡು ಕೈಗಳನ್ನು.

ಹಾಗಾದರೆ ಎಲ್ಲರೂ ಯಂತ್ರದಲ್ಲೇ ನಡೆದರೆ ಒಳ್ಳೆಯದಲ್ಲವೇ? ಎರಡು ಅಧ್ಯಯನಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ. ಅವು ಒಂದಕ್ಕೊಂದು ಜಗಳ ಆಡುವಂತೆ ಕಾಣುತ್ತವೆ. ಜರ್ಮನಿಯಲ್ಲಿ ನಡೆದ, 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಪಾರ್ಶ್ವವಾಯು ಆಗಿ ಹೆಚ್ಚು ದಿನವಾಗದ, ಸ್ವಂತವಾಗಿ ನಡೆಯಲಾಗದ 155 ಮಂದಿ ಇದ್ದರು. ಅರ್ಧದಷ್ಟು ಜನರಿಗೆ ದಿನಕ್ಕೆ 20 ನಿಮಿಷ ಗೇಟ್ ಟ್ರೈನರ್ ಮತ್ತು 25 ನಿಮಿಷ ಫಿಸಿಯೋಥೆರಪಿ, ಉಳಿದವರಿಗೆ 45 ನಿಮಿಷವೂ ಫಿಸಿಯೋಥೆರಪಿ. ನಾಲ್ಕು ವಾರದ ಕೊನೆಗೆ ಯಂತ್ರ ಬಳಸಿದ 77 ಮಂದಿಯಲ್ಲಿ 41 ಮಂದಿ ಸ್ವತಂತ್ರವಾಗಿ ನಡೆದರು, ಇನ್ನೊಂದು ಗುಂಪಿನ 78ರಲ್ಲಿ 17 ಮಂದಿ. ದೊಡ್ಡ ಅಂತರ. ಎರಡು ವರ್ಷದ ನಂತರ, 2009ರಲ್ಲಿ, ಅಮೆರಿಕದಿಂದ ಲೋಕೋಮ್ಯಾಟ್ ಕುರಿತ ಇನ್ನೊಂದು ಅಧ್ಯಯನ ಬಂತು. ಅದರಲ್ಲಿ 63 ಮಂದಿ. ಅಲ್ಲಿ ಸಾಮಾನ್ಯ ಫಿಸಿಯೋಥೆರಪಿ ಪಡೆದವರೇ ವೇಗದಲ್ಲೂ ದೂರದಲ್ಲೂ ಯಂತ್ರದವರಿಗಿಂತ ಹೆಚ್ಚು ಸುಧಾರಿಸಿದರು.

ಯಂತ್ರಗಳು ಬೇರೆಬೇರೆ ಎಂಬುದು ನಿಜ. ಆದರೆ ನನ್ನ ದೃಷ್ಟಿಯಲ್ಲಿ ಮುಖ್ಯ ವ್ಯತ್ಯಾಸ ಅದರಲ್ಲಿ ಇಲ್ಲ. ಅಮೆರಿಕದ ರೋಗಿಗಳು ಯಂತ್ರ ಹತ್ತುವ ಮೊದಲೇ ನಿಧಾನವಾಗಿಯಾದರೂ ನಡೆಯುತ್ತಿದ್ದರು. ಜರ್ಮನಿಯವರು ನಡೆಯುತ್ತಿರಲಿಲ್ಲ. ನಡೆಯಲಾಗದವನಿಗೆ ಹೆಜ್ಜೆ ಕೊಡುವ ಯಂತ್ರ, ನಡೆಯಬಲ್ಲವನಿಂದ ಹೆಜ್ಜೆಯನ್ನು ಕಸಿದುಕೊಳ್ಳುತ್ತದೆ. ಆಮೇಲಿನ ವರ್ಷಗಳಲ್ಲಿ ಬಂದ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿದ ಕಾಕ್ರೇನ್ ಪರಿಶೀಲನೆ, 2020ರ ಆವೃತ್ತಿಯಲ್ಲಿ 62 ಪ್ರಯೋಗ, 2,440 ರೋಗಿಗಳು, ಇದೇ ದಿಕ್ಕನ್ನು ತೋರಿಸುತ್ತದೆ. ಫಿಸಿಯೋಥೆರಪಿಯ ಜೊತೆಗೆ ಯಂತ್ರ ಬಳಸಿದರೆ ಸ್ವತಂತ್ರವಾಗಿ ನಡೆಯುವವರ ಸಂಖ್ಯೆ ಹೆಚ್ಚುತ್ತದೆ. ಹೆಚ್ಚಿನ ಲಾಭ ಮೊದಲ ಮೂರು ತಿಂಗಳಲ್ಲಿ ಇರುವವರಿಗೆ, ಮತ್ತು ನಡೆಯಲಾಗದವರಿಗೆ. ಎಷ್ಟು ಲಾಭ ಎಂದರೆ, ಎಂಟು ಮಂದಿಗೆ ಹೀಗೆ ಚಿಕಿತ್ಸೆ ಕೊಟ್ಟರೆ, ಬರೀ ಫಿಸಿಯೋಥೆರಪಿಗಿಂತ ಒಬ್ಬರು ಹೆಚ್ಚಾಗಿ ನಡಿಗೆಯ ಪರಾವಲಂಬನೆಯಿಂದ ಪಾರಾಗುತ್ತಾರೆ. ವಿಡಿಯೋದಲ್ಲಿ ಆ ಒಬ್ಬರನ್ನೇ ತೋರಿಸುತ್ತಾರೆ, ಅದು ಸುಳ್ಳೂ ಅಲ್ಲ. ಇನ್ನೊಂದು ಕಡೆ, ಆರು ತಿಂಗಳು ಕಳೆದು ಹೇಗೋ ನಡೆಯಬಲ್ಲವರಿಗೆ ರೋಬೋಟ್ ನಡಿಗೆಯನ್ನು ಕೊಡಬೇಡಿ, ಎದೆಬಡಿತ ಏರುವಷ್ಟು ಚುರುಕಾಗಿ ನೆಲದ ಮೇಲೆಯೋ ಟ್ರೆಡ್‌ಮಿಲ್ ಮೇಲೆಯೋ ನಡೆಸಿ ಎಂದು ಅಮೆರಿಕದ ಫಿಸಿಯೋಥೆರಪಿಸ್ಟ್‌ಗಳ ಸಂಘದ 2020ರ ಮಾರ್ಗಸೂಚಿ ಹೇಳುತ್ತದೆ.

ಈಗ ನಿಮ್ಮ ತಂದೆಯವರ ಮಾತು. ಪಾರ್ಶ್ವವಾಯು ಆದ ಮೊದಲ 72 ಗಂಟೆಯೊಳಗೆ ಆಸರೆಯಿಲ್ಲದೆ ಕೂರಬಲ್ಲವರು ಮತ್ತು ಕಾಲಿನಲ್ಲಿ ಒಂದಿಷ್ಟು ಶಕ್ತಿ ತೋರಿಸುವವರು ಆರು ತಿಂಗಳ ಹೊತ್ತಿಗೆ ಸ್ವತಂತ್ರವಾಗಿ ನಡೆಯುವ ಸಂಭವ 98 ಶೇಕಡಾ, ಎರಡೂ ಇಲ್ಲದವರಿಗೆ 27 ಶೇಕಡಾ ಎಂದು ನೆದರ್ಲೆಂಡ್ಸ್‌ನ ಅಧ್ಯಯನವೊಂದು ಲೆಕ್ಕ ಹಾಕಿತ್ತು. ನಿಮ್ಮ ತಂದೆ ಮೊದಲ ವಾರ ಕೂರುತ್ತಿರಲಿಲ್ಲ. ಆದ್ದರಿಂದ ಅವರು ಸುಲಭದ ಗುಂಪಿನವರಲ್ಲ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಈಗ ಕೂರುತ್ತಾರೆ, ತೊಡೆ ಬಿಗಿಮಾಡುತ್ತಾರೆ, ಹೆಜ್ಜೆ ಇಲ್ಲ. ಯಂತ್ರದಿಂದ ಲಾಭ ಪಡೆಯುವ ಗುಂಪು ನಿಖರವಾಗಿ ಇದೇ. ನಿಮ್ಮಂತೆ ಬರೆಯುವವರಲ್ಲಿ ಹೆಚ್ಚಿನವರಿಗೆ ನಾನು ‘ಬೇಡ’ ಎಂದು ಉತ್ತರಿಸುತ್ತೇನೆ, ಏಕೆಂದರೆ ಅವರ ಮನೆಯವರು ಕೋಲು ಹಿಡಿದು ಆಗಲೇ ನಡೆಯುತ್ತಿರುತ್ತಾರೆ. ನಿಮಗೆ ಹಾಗೆ ಹೇಳಲಾರೆ.

ಮೂರು ತಿಂಗಳ ಬಾಗಿಲು ಮುಚ್ಚಿಬಿಡುತ್ತದೆ ಎಂಬ ಮಾತು ಅರ್ಧ ನಿಜ. ಕೋಪನ್‌ಹೇಗನ್‌ನಲ್ಲಿ ಪಾರ್ಶ್ವವಾಯು ರೋಗಿಗಳನ್ನು ಗಮನಿಸಿದಾಗ, ನಡಿಗೆಯ ಚೇತರಿಕೆ ನೂರಕ್ಕೆ ತೊಂಬತ್ತೈದು ಮಂದಿಯಲ್ಲಿ ಮೊದಲ 11 ವಾರದೊಳಗೆ ಅದರ ಗರಿಷ್ಠ ಮಟ್ಟ ಮುಟ್ಟಿತ್ತು. ಆದರೆ ಅಮೆರಿಕದಲ್ಲಿ 408 ಮಂದಿಯ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತರಬೇತಿಯನ್ನು ಎರಡನೇ ತಿಂಗಳಿಗೆ ಶುರುಮಾಡಿದವರೂ ಆರನೇ ತಿಂಗಳಿಗೆ ಶುರುಮಾಡಿದವರೂ ವರ್ಷದ ಕೊನೆಗೆ ಒಂದೇ ಮಟ್ಟಕ್ಕೆ ಬಂದರು. ಒಟ್ಟಾರೆ ಅರ್ಧಕ್ಕೂ ಹೆಚ್ಚು, 52 ಶೇಕಡಾ, ಮಂದಿಯ ನಡಿಗೆ ಒಂದು ಹಂತ ಮೇಲೇರಿತ್ತು. ಅದೇ ಅಧ್ಯಯನದ ಇನ್ನೊಂದು ಫಲಿತಾಂಶ ಸಣ್ಣ ಊರಿನ ಕುಟುಂಬಗಳಿಗೆ ನಾನು ಪದೇ ಪದೇ ಹೇಳುವಂಥದ್ದು: ತೂಗುಪಟ್ಟಿ, ಟ್ರೆಡ್‌ಮಿಲ್ ಬಳಸಿದವರಷ್ಟೇ ಸುಧಾರಣೆ, ಫಿಸಿಯೋಥೆರಪಿಸ್ಟ್ ಮನೆಗೆ ಬಂದು ಶಕ್ತಿ ಮತ್ತು ಸಮತೋಲನದ ವ್ಯಾಯಾಮ ಮಾಡಿಸಿದವರಲ್ಲೂ ಆಗಿತ್ತು. ನಿಮಗೆ ಈಗ ಹತ್ತನೇ ವಾರ. ತಡ ಮಾಡಬಾರದು, ಆದರೆ ಮುಂದಿನ ಸೋಮವಾರ ಲಕ್ಷಗಟ್ಟಲೆ ಕಟ್ಟಲೇಬೇಕು ಎಂಬ ಗಾಬರಿಯೂ ಬೇಡ.

ನಿಮ್ಮ ಪತ್ರದಲ್ಲಿ ನನ್ನನ್ನು ನಿಲ್ಲಿಸಿದ್ದು ರೋಬೋಟ್ ಅಲ್ಲ, ಎಲೆಯ ಎಡಗಡೆ ಉಳಿದ ಪಲ್ಯ. ಅದನ್ನು ನೀವು ಸಿಡುಕಿನ ಲೆಕ್ಕಕ್ಕೆ ಹಾಕಿದ್ದೀರಿ. ಅಪ್ಪಯ್ಯ ಹಟ ಮಾಡುತ್ತಿಲ್ಲ. ಮೆದುಳಿನ ಬಲಭಾಗಕ್ಕೆ ಪೆಟ್ಟಾದವರಲ್ಲಿ ಅನೇಕರಿಗೆ ಲೋಕದ ಎಡಭಾಗವೇ ಗಮನಕ್ಕೆ ಬರುವುದಿಲ್ಲ. ಕಣ್ಣು ಚೆನ್ನಾಗಿದ್ದರೂ ಮೆದುಳು ಆ ಕಡೆಯನ್ನು ಎಣಿಕೆಗೆ ತೆಗೆದುಕೊಳ್ಳುವುದಿಲ್ಲ. ಗಡ್ಡ ಒಂದೇ ಕಡೆ ಬೋಳಿಸಿಕೊಳ್ಳುತ್ತಾರೆ, ಬಾಗಿಲ ಎಡಚೌಕಟ್ಟಿಗೆ ಭುಜ ಬಡಿಸಿಕೊಳ್ಳುತ್ತಾರೆ. ಅವರ ಪಾಲಿಗೆ ಪಲ್ಯವನ್ನು ನಿಜವಾಗಿಯೂ ಬಡಿಸಿಲ್ಲ. ಕೆಲವರಲ್ಲಿ ಎಡಭಾಗದ ದೃಷ್ಟಿಯೇ ಹೋಗಿರುವುದೂ ಉಂಟು. ಎರಡರಲ್ಲಿ ಯಾವುದು ಎಂದು ಪರೀಕ್ಷಿಸಿ ಹೇಳಬೇಕು, ನರರೋಗ ತಜ್ಞರನ್ನೋ ಪುನಶ್ಚೇತನ ವೈದ್ಯರನ್ನೋ ನೇರವಾಗಿ ಕೇಳಿ.

ಇದು ನಡಿಗೆಗೆ ಹೇಗೆ ಸಂಬಂಧ? ಎಡಗಾಲು ತನ್ನದು ಎಂದೇ ಗಮನಕ್ಕೆ ಬಾರದವರನ್ನು ಯಂತ್ರಕ್ಕೆ ಕಟ್ಟಿದರೆ ಅವರು ಎಡಗಾಲನ್ನು ಯಂತ್ರದ ಪಾಲಿಗೆ ಬಿಟ್ಟುಬಿಡುತ್ತಾರೆ. ಸಾವಿರ ಹೆಜ್ಜೆ ಬೀಳುತ್ತದೆ, ಅವರ ಮನಸ್ಸು ಒಂದರಲ್ಲೂ ಇರುವುದಿಲ್ಲ. ಹೊರಗೆ ಬಂದು ನೆಲದ ಮೇಲೆ ನಿಂತಾಗ ಮತ್ತೆ ಎಡಕ್ಕೇ ವಾಲುತ್ತಾರೆ. ಆದ್ದರಿಂದ ಯಂತ್ರದಲ್ಲಿದ್ದಾಗ ಎದುರಿಗೆ ಕನ್ನಡಿ ಇರಬೇಕು, ಥೆರಪಿಸ್ಟ್ ಎಡಗಡೆ ನಿಂತು ಪ್ರತಿ ಹೆಜ್ಜೆಗೂ ಮಾತಾಡಿಸಬೇಕು. ಮನೆಯಲ್ಲಿ ಇಂದಿನಿಂದಲೇ ನೀವು ಅವರ ಎಡಗಡೆ ಕೂತು ಮಾತಾಡಿ, ಟಿವಿಯನ್ನು ನಡುವಿನಿಂದ ಸ್ವಲ್ಪ ಎಡಕ್ಕೆ ಸರಿಸಿ, ಊಟದ ಎಲೆಯ ಎಡ ಅಂಚಿಗೆ ಕೆಂಪು ಬಟ್ಟೆ ಹಾಸಿ ‘ಕೆಂಪು ಕಾಣುವವರೆಗೆ ತಲೆ ತಿರುಗಿಸಿ’ ಎಂದು ಅಭ್ಯಾಸ ಮಾಡಿಸಿ. ಇದಕ್ಕೆ ಯಾವ ಮುಂಗಡವೂ ಬೇಡ.

ಮನಸ್ಸು ಬೇರೆ ಕಡೆ ಇದ್ದು ಕಾಲು ಮಾತ್ರ ಆಡುವ ಈ ಸಮಸ್ಯೆ ನಿಮ್ಮ ತಂದೆಗಷ್ಟೇ ಸೀಮಿತವಲ್ಲ. ಬೇರೆಯವರು ಹೊತ್ತುಕೊಂಡರೆ ಭಾರ ಬಿಡುವುದು ನಮ್ಮ ದೇಹದ ಸ್ವಭಾವ. ಬೆನ್ನುಹುರಿಗೆ ಭಾಗಶಃ ಪೆಟ್ಟಾದವರ ಮೇಲೆ ನಡೆಸಿ 2006ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಥೆರಪಿಸ್ಟ್ ನಡೆಸಿದಾಗ ಆಗುವುದಕ್ಕಿಂತ ರೋಬೋಟ್ ನಡೆಸಿದಾಗ ದೇಹ ಖರ್ಚುಮಾಡುವ ಶಕ್ತಿ ಕಡಿಮೆ ಇತ್ತು. ಆದ್ದರಿಂದ ಯಂತ್ರ ಎಷ್ಟು ಸಹಾಯ ಕೊಡುತ್ತಿದೆ ಎಂಬುದನ್ನು ದಿನದಿಂದ ದಿನಕ್ಕೆ ಇಳಿಸುತ್ತಾ ಬರಬೇಕು. ತೂಗುಪಟ್ಟಿ ಹೊರುವ ಭಾರ ಎಷ್ಟು ಶೇಕಡಾ, ಮೋಟಾರಿನ ಒತ್ತಾಸೆ ಎಷ್ಟು ಶೇಕಡಾ ಎಂಬ ಎರಡು ಅಂಕಿಗಳು ಪರದೆಯ ಮೇಲೆ ಇರುತ್ತವೆ. ನಾನು ಒಂದು ಕೇಂದ್ರಕ್ಕೆ ಹೋಗಿದ್ದಾಗ ರೋಗಿಯೊಬ್ಬರು ಯಂತ್ರದಲ್ಲಿ ನಡೆಯುತ್ತಲೇ ಮೊಬೈಲ್‌ನಲ್ಲಿ ಕ್ರಿಕೆಟ್ ನೋಡುತ್ತಿದ್ದರು. ಒತ್ತಾಸೆ ನೂರಕ್ಕೆ ನೂರು. ಮೂರು ವಾರದಿಂದ ಅದನ್ನು ಯಾರೂ ಮುಟ್ಟಿರಲಿಲ್ಲ. ನಡೆದದ್ದು ಯಂತ್ರ, ಬಿಲ್ಲು ಕಟ್ಟಿದ್ದು ರೋಗಿ.

ನಿಮ್ಮ ಕಡೆ ಅಡಿಕೆ ಕೊಯ್ಯಲು ಈಗ ಕಾರ್ಬನ್ ಫೈಬರ್ ದೋಟಿ ಬಂದಿದೆಯಲ್ಲ, ನೆಲದಲ್ಲೇ ನಿಂತು ಗೊನೆ ಇಳಿಸಬಹುದು. ಆದರೆ ದೋಟಿ ಕೊಂಡವರೆಲ್ಲರ ಗೊನೆಯೂ ನೆಟ್ಟಗೆ ಇಳಿಯುವುದಿಲ್ಲ, ಹಿಡಿದ ಕೈ ಪಳಗಿರಬೇಕು. ಹಾಗಾಗಿ ಆ ಕೇಂದ್ರಕ್ಕೆ ಫೋನ್ ಮಾಡಿದಾಗ ಯಂತ್ರದ ಹೆಸರು, ದೇಶ ಕೇಳಬೇಡಿ. ಅದನ್ನು ನಡೆಸುವವರು ಯಾರು, ನರರೋಗಿಗಳ ಫಿಸಿಯೋಥೆರಪಿಯಲ್ಲಿ ಅವರಿಗೆ ಎಷ್ಟು ಅನುಭವ, ಯಂತ್ರದಿಂದ ಇಳಿದ ಮೇಲೆ ಅದೇ ದಿನ ನೆಲದ ಮೇಲೆ ನಿಲ್ಲಿಸಿ ನಡೆಸುತ್ತೀರಾ, ಎಷ್ಟು ಹೊತ್ತು ಎಂದು ಕೇಳಿ. ಯಂತ್ರದ ಅರ್ಧ ಗಂಟೆಯೇ ಇಡೀ ಚಿಕಿತ್ಸೆ ಎನ್ನುವ ಕಡೆ ಹೋಗಬೇಡಿ. ಜರ್ಮನಿಯ ಆ ಒಳ್ಳೆಯ ಫಲಿತಾಂಶದಲ್ಲೂ ಯಂತ್ರದ ಪಾಲು 20 ನಿಮಿಷ, ಮನುಷ್ಯರ ಪಾಲು 25 ನಿಮಿಷ ಇತ್ತು.

ಅಪಾಯಗಳು ಇವೆ, ಹೆಚ್ಚಿನವನ್ನು ತಡೆಯಬಹುದು. ವಾರಗಟ್ಟಲೆ ಮಲಗಿದ್ದವರನ್ನು ಒಮ್ಮೆಲೇ ನೆಟ್ಟಗೆ ನಿಲ್ಲಿಸಿದರೆ ಬಿಪಿ ಇಳಿದು ಕಣ್ಣು ಕತ್ತಲೆ ಬರುತ್ತದೆ. ಬಿಪಿ ಮಾತ್ರೆ ತೆಗೆದುಕೊಳ್ಳುವವರಲ್ಲಿ ಇದು ಇನ್ನೂ ಸಾಮಾನ್ಯ. ಆದ್ದರಿಂದ ಮೊದಲ ಕೆಲವು ದಿನ ಹತ್ತುವ ಮೊದಲು, ನಡುವೆ, ಇಳಿದ ಮೇಲೆ ಬಿಪಿ ನೋಡಬೇಕು. ನಿಮ್ಮ ತಂದೆಗೆ ಹನ್ನೆರಡು ವರ್ಷದ ಸಕ್ಕರೆ ಕಾಯಿಲೆ, ಮೇಲೆ ಎಡಗಾಲಿನ ಸ್ಪರ್ಶವೂ ಮಂಕಾಗಿರಬಹುದು. ಚೌಕಟ್ಟಿನ ಪಟ್ಟಿ ಉಜ್ಜಿ ಚರ್ಮ ಕಿತ್ತರೂ ಅವರಿಗೆ ಗೊತ್ತಾಗುವುದಿಲ್ಲ. ಪ್ರತಿದಿನ ಪ್ಯಾಂಟು ಮೇಲೆತ್ತಿ ತೊಡೆ, ಮೀನಖಂಡ, ಹಿಮ್ಮಡಿಯನ್ನು ನೀವೇ ನೋಡಿ. ಕೆಂಪಗಾದದ್ದು ಅರ್ಧ ಗಂಟೆಯಾದರೂ ಇಳಿಯದಿದ್ದರೆ ಮರುದಿನ ಯಂತ್ರ ಹತ್ತಿಸಬೇಡಿ. ಒಂದೇ ಕಾಲು ಹಠಾತ್ತನೆ ಊದಿಕೊಂಡು ಬಿಸಿಯಾಗಿ ನೋಯುತ್ತಿದ್ದರೆ ಅದು ಒಳಗೆ ರಕ್ತ ಹೆಪ್ಪುಗಟ್ಟಿದ ಸೂಚನೆಯಾಗಿರಬಹುದು, ತಿಕ್ಕದೆ ಆಸ್ಪತ್ರೆಗೆ ಒಯ್ಯಿರಿ. ಮೂಳೆ ತುಂಬ ಸವೆದಿದ್ದರೆ, ಕೀಲು ಬಗ್ಗದಷ್ಟು ಗಟ್ಟಿಯಾಗಿದ್ದರೆ, ಒತ್ತುಹುಣ್ಣಿದ್ದರೆ, ಹೃದಯದ ತೊಂದರೆ ಹತೋಟಿಯಲ್ಲಿಲ್ಲದಿದ್ದರೆ ಯಂತ್ರ ಬೇಡ. ಇವನ್ನೆಲ್ಲ ವಿಚಾರಿಸದೆ ಮೊದಲ ದಿನವೇ ಪಟ್ಟಿ ಕಟ್ಟಲು ಬಂದರೆ ಎದ್ದು ಬನ್ನಿ.

ಮನೆಗೇ ಕೊಳ್ಳುವ ವಿಚಾರ ಸದ್ಯಕ್ಕೆ ಬಿಡಿ. ಮೈಮೇಲೆ ತೊಟ್ಟು ಓಡಾಡುವ ಎಕ್ಸೋಸ್ಕೆಲಿಟನ್‌ಗಳು ಬೇರೆ ಜಾತಿ. ಇಸ್ರೇಲಿನ ರಿವಾಕ್‌ಗೆ ಮನೆಬಳಕೆಗಾಗಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2014ರಲ್ಲಿ ಒಪ್ಪಿಗೆ ಕೊಟ್ಟಿತು. ಆದರೆ ಅದು ಬೆನ್ನುಹುರಿಗೆ ಪೆಟ್ಟಾಗಿ ಎರಡೂ ಕಾಲಿನ ಸ್ವಾಧೀನ ತಪ್ಪಿದವರಿಗೆ. ಎರಡೂ ಕೈಯಲ್ಲಿ ಊರುಗೋಲು ಹಿಡಿಯುವ ಶಕ್ತಿ ಬೇಕು. ನಿಮ್ಮ ತಂದೆಗೆ ಎಡಗೈಯೇ ಇಲ್ಲದಂತಾಗಿದೆ. ಪಾರ್ಶ್ವವಾಯುವಿಗೆಂದು 2016ರಲ್ಲಿ ಒಪ್ಪಿಗೆ ಪಡೆದ ಎಕ್ಸೋ ಸಾಧನವನ್ನು ತರಬೇತಾದ ಥೆರಪಿಸ್ಟ್ ಜೊತೆಗಿದ್ದು ಚಿಕಿತ್ಸಾಲಯದಲ್ಲೇ ಬಳಸಬೇಕು. ಬೆಂಗಳೂರಿನಲ್ಲೂ ಇಂಥ ಸಾಧನ ರೂಪಿಸುವ ಸಣ್ಣ ಸಂಸ್ಥೆಗಳು ಹುಟ್ಟಿಕೊಂಡಿವೆ, ಅದು ಸಂತೋಷದ ವಿಷಯ. ಆದರೆ ಮಲೆನಾಡಿನ ಮನೆಯ ಹೊಸ್ತಿಲು, ಜಗುಲಿಯ ಮೆಟ್ಟಿಲುಗಳನ್ನು ದಾಟಿಸುವ ಯಂತ್ರವನ್ನು ನಾನಿನ್ನೂ ನೋಡಿಲ್ಲ.

ಹಣದ ಲೆಕ್ಕಕ್ಕೆ ಬರೋಣ. ವಿಮೆಯಲ್ಲಿ ‘ರೋಬೋಟಿಕ್’ ಚಿಕಿತ್ಸೆ ಸೇರಿದೆ ಎಂದು ಯಾರಾದರೂ ಹೇಳಿದರೆ ಎಚ್ಚರ. ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಹೆಸರಿಸಿದ ಆಧುನಿಕ ಚಿಕಿತ್ಸೆಗಳ ಪಟ್ಟಿಯಲ್ಲಿ ಇರುವುದು ರೋಬೋಟಿಕ್ ಶಸ್ತ್ರಚಿಕಿತ್ಸೆ, ರೋಬೋಟ್ ನಡಿಗೆ ತರಬೇತಿಯಲ್ಲ. ಹೊರರೋಗಿಯಾಗಿ ಪಡೆಯುವ ಥೆರಪಿಗೆ ಹೆಚ್ಚಿನ ಪಾಲಿಸಿಗಳು ಹಣ ಕೊಡುವುದಿಲ್ಲ. ನಿಮ್ಮ ಪಾಲಿಸಿಯ ಕಾಗದ ತೆರೆದು ನೋಡಿ.

ನಿಮ್ಮ ಜಾಗದಲ್ಲಿ ನಾನಿದ್ದರೆ ಮೊದಲು ಒಳರೋಗಿಯಾಗಿ ಸೇರಿಸಿಕೊಳ್ಳುವ ಪುನಶ್ಚೇತನ ವಿಭಾಗವನ್ನು ವಿಚಾರಿಸುತ್ತಿದ್ದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗಿಗಳಿಗೆಂದೇ ಅಂಥ ವಿಭಾಗವಿದೆ, ವೆಲ್ಲೂರಿನ ಸಿಎಂಸಿಯಲ್ಲಿ ಹಳೆಯ, ಒಳ್ಳೆಯ ಪುನಶ್ಚೇತನ ಕೇಂದ್ರವಿದೆ. ಅಲ್ಲಿ ವೈದ್ಯರು, ಫಿಸಿಯೋ, ದಿನನಿತ್ಯದ ಕೆಲಸಗಳನ್ನು ಮತ್ತೆ ಕಲಿಸುವ ಥೆರಪಿಸ್ಟ್, ಕೈಕಾಲಿಗೆ ಆಸರೆಪಟ್ಟಿ (ಸ್ಪ್ಲಿಂಟ್) ಮಾಡುವವರು ಒಂದೇ ಸೂರಿನಡಿ ಸಿಗುತ್ತಾರೆ. ತೊಂದರೆಯೆಂದರೆ ಹಾಸಿಗೆಗೆ ಕಾಯಬೇಕಾಗಬಹುದು, ಮತ್ತು ಮನೆಯವರೊಬ್ಬರು ಜೊತೆಗಿರಬೇಕು.

ಅದು ಬೇಗ ಸಿಗದಿದ್ದರೆ ತಮ್ಮ ಹೇಳಿದ ಕೇಂದ್ರದಲ್ಲಿ 12 ಸೆಷನ್‌ಗೆ ಮಾತ್ರ, ಆಯಾ ವಾರದ ಹಣ ಆಯಾ ವಾರ ಕೊಡುವ ಒಪ್ಪಂದದ ಮೇಲೆ ಎರಡು ವಾರ ಪ್ರಯತ್ನಿಸಿ. ತಮ್ಮನ ಮನೆಯಲ್ಲೇ ಉಳಿಯಲು ಸಾಧ್ಯವೇ ನೋಡಿ, ಮೂರೂವರೆ ಲಕ್ಷದಲ್ಲಿ ಸೆಷನ್ ಹಣ ಬಿಟ್ಟರೆ ಬಾಡಿಗೆಯದ್ದೇ ದೊಡ್ಡ ಪಾಲಿರಬೇಕು. ಹೊರಡುವ ದಿನ ಒಂದು ವಹಿಯಲ್ಲಿ ಬರೆದಿಡಿ: ಏಳಲು ಎಷ್ಟು ಜನ ಬೇಕು, ಬಲಗೈಯಲ್ಲಿ ಕಂಬಿ ಹಿಡಿದು ಎಷ್ಟು ಸೆಕೆಂಡ್ ನಿಲ್ಲುತ್ತಾರೆ, ಎಷ್ಟು ಹೆಜ್ಜೆ. ಹನ್ನೆರಡನೇ ದಿನ ಮತ್ತೆ ಬರೆಯಿರಿ, ಯಂತ್ರದ ಆ ಎರಡು ಅಂಕಿಗಳನ್ನೂ ಪಕ್ಕದಲ್ಲಿ ಬರೆಯಿರಿ. ಇಬ್ಬರ ಬದಲು ಒಬ್ಬರು ಸಾಕಾಗಿದ್ದರೆ, ಯಂತ್ರದ ಸಹಾಯ ಇಳಿದಿದ್ದರೆ, ಇನ್ನೊಂದು ಹನ್ನೆರಡು ಮುಂದುವರಿಸಿ. ಏನೂ ಬದಲಾಗದಿದ್ದರೆ ಅಲ್ಲಿಗೆ ನಿಲ್ಲಿಸಿ, ಮನಸ್ಸಿನಲ್ಲಿ ಕೊರಗಿಲ್ಲದೆ. ಒಬ್ಬರ ಆಸರೆಯಲ್ಲಿ ನೆಲದ ಮೇಲೆ ಹತ್ತು ಹೆಜ್ಜೆ ಹಾಕಿದ ದಿನವೂ ಯಂತ್ರವನ್ನು ನಿಲ್ಲಿಸಿ. ಸೆಷನ್ ಬಾಕಿ ಉಳಿದಿದೆ ಎಂದು ಮುಂದುವರಿಸಿದರೆ ಅಲ್ಲಿಂದಾಚೆಗೆ ಅದು ಲಾಭಕ್ಕಿಂತ ಅಡ್ಡಿಯೇ ಹೆಚ್ಚು.

ಬೆಂಗಳೂರಿಗೆ ಹೋಗುವುದೇ ಬೇಡ ಎಂದು ನೀವು ನಿರ್ಧರಿಸಿದರೂ ಅದು ತಪ್ಪು ನಿರ್ಧಾರವಲ್ಲ. ಅದೇ ದುಡ್ಡಿನಲ್ಲಿ ಶಿರಸಿಯಿಂದಲೇ ಒಳ್ಳೆಯ ಫಿಸಿಯೋಥೆರಪಿಸ್ಟ್ ಒಬ್ಬರನ್ನು ವಾರಕ್ಕೆ ಐದು ದಿನ ತಿಂಗಳುಗಟ್ಟಲೆ ಮನೆಗೆ ಕರೆಸಬಹುದು. ಅವರು ಬಾರದ ಹೊತ್ತಿನಲ್ಲಿ ಕುರ್ಚಿಯಿಂದ ಎದ್ದು ಕೂರುವುದನ್ನು ದಿನಕ್ಕೆ ಹತ್ತರಂತೆ ನಾಲ್ಕು ಸಲ ನೀವೇ ಮಾಡಿಸಬಹುದು. ಎತ್ತರದ ಕುರ್ಚಿಯಿಂದ ಶುರುಮಾಡಿ, ಎಡಪಾದವನ್ನು ಸ್ವಲ್ಪ ಹಿಂದಕ್ಕಿಟ್ಟು ಅದರ ಮೇಲೂ ಭಾರ ಬೀಳುವಂತೆ ನೋಡಿಕೊಳ್ಳಿ. ಆದರೆ ನೀವು ಯಾವ ದಾರಿ ಹಿಡಿದರೂ, ಮೊದಲೇ ಹೇಳಿದ ಆ ಅಲುಗದ ಪಾದಕ್ಕೆ ಸ್ಪ್ಲಿಂಟ್ ಬೇಕೇ ಬೇಕು. ಕಣಕಾಲನ್ನು ನೆಟ್ಟಗೆ ಹಿಡಿಯುವ ಪ್ಲಾಸ್ಟಿಕ್ ಪಟ್ಟಿ, ನಾವು ಎಎಫ್‌ಓ ಎನ್ನುತ್ತೇವೆ. ಯಂತ್ರದ ಕೆಲವು ಸೆಷನ್‌ಗಳ ಬೆಲೆಗಿಂತ ಕಡಿಮೆಗೆ ಸಿಗುತ್ತದೆ. ಬೆರಳು ನೆಲಕ್ಕೆ ತಾಗಿ ಎಡವುವುದು ನಿಲ್ಲುತ್ತದೆ, ಸರಿಯಾದ ಕೋನದಲ್ಲಿ ಮಾಡಿಸಿದರೆ ಮಂಡಿ ಕುಸಿಯುವುದೂ ಕಡಿಮೆಯಾಗುತ್ತದೆ. ಅಂಗವೈಕಲ್ಯದ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕುವ ದಾರಿಯನ್ನೂ ಜಿಲ್ಲಾಸ್ಪತ್ರೆಯಲ್ಲಿ ಕೇಳಿಡಿ. ಆದಾಯದ ಮಿತಿಯೊಳಗಿದ್ದರೆ ಕೇಂದ್ರ ಸರ್ಕಾರದ ಅಡಿಪ್ ಯೋಜನೆಯಲ್ಲಿ ಇಂಥ ಸಾಧನಗಳಿಗೆ ನೆರವು ಸಿಗುತ್ತದೆ.

ಸೋದರಮಾವನವರ ಎಣ್ಣೆಯ ಬಗ್ಗೆ ಜಗಳ ಬೇಡ. ಉಗುರುಬೆಚ್ಚಗಿನ ಎಣ್ಣೆಯನ್ನು ಮೆತ್ತಗೆ ಹಚ್ಚಿದರೆ ತೊಂದರೆಯಿಲ್ಲ, ಯಾರೋ ಮೈಮುಟ್ಟಿ ಆರೈಕೆ ಮಾಡುವುದು ಅವರ ಮನಸ್ಸಿಗೂ ಒಳ್ಳೆಯದು. ಅದು ನಡಿಗೆ ತರುವುದಿಲ್ಲ, ಅಷ್ಟೆ. ಬಿಸಿ ಎಣ್ಣೆ ಬೇಡ, ಸ್ಪರ್ಶವಿಲ್ಲದ ಚರ್ಮ ಸುಟ್ಟದ್ದನ್ನು ನೋಡಿದ್ದೇನೆ. ಮುಖ್ಯವಾಗಿ, ಎಬ್ಬಿಸುವಾಗ ಯಾರೂ ಎಡಗೈ ಹಿಡಿದು ಎಳೆಯಬಾರದು. ಸ್ನಾಯು ಸಡಿಲವಾದ ಭುಜದ ಕೀಲು ಜಾರುತ್ತದೆ, ಆ ನೋವು ಶುರುವಾದರೆ ಅವರು ವ್ಯಾಯಾಮಕ್ಕೇ ಒಪ್ಪುವುದಿಲ್ಲ. ಸೊಂಟಕ್ಕೆ ಅಗಲವಾದ ಬೆಲ್ಟ್ ಕಟ್ಟಿ ಅದನ್ನು ಹಿಡಿದು ಎಬ್ಬಿಸಿ. ಸಿಡುಕಿನ ಜೊತೆಗೆ ನಿದ್ದೆ ಬಾರದಿರುವುದು, ಊಟ ಬೇಡವೆನ್ನುವುದು, ಅಳು ಇದ್ದರೆ ವೈದ್ಯರಿಗೆ ತಿಳಿಸಿ. ಪಾರ್ಶ್ವವಾಯುವಿನ ನಂತರ ಖಿನ್ನತೆ ತುಂಬ ಸಾಮಾನ್ಯ, ಔಷಧಿಯಿದೆ.

ಕೊನೆಯದಾಗಿ, ಅವರು ಎಲ್ಲಿಗೆ ನಡೆಯಬೇಕು ಎಂದು ಅವರನ್ನೇ ಕೇಳಿ. ನಿಮ್ಮ ಕಡೆಯ ಹಿರಿಯರನ್ನು ಕೇಳಿದರೆ ತೋಟ ಎಂದು ಬಾಯಿ ಹೇಳಿದರೂ, ಒಳಗಿನ ಆಸೆ ಬಚ್ಚಲುಮನೆಯವರೆಗೆ ಯಾರ ಹಂಗಿಲ್ಲದೆ ಹೋಗಿಬರುವುದೇ ಆಗಿರುತ್ತದೆ. ಜಗುಲಿಯಿಂದ ಬಚ್ಚಲಿಗೆ ಎಷ್ಟು ಹೆಜ್ಜೆ ಎಂದು ಇವತ್ತೇ ಎಣಿಸಿ, ಥೆರಪಿಸ್ಟ್‌ಗೆ ಆ ಸಂಖ್ಯೆ ಕೊಡಿ. ಮಳೆಗಾಲಕ್ಕೆ ಮೊದಲು ಆ ದಾರಿಯ ಪಾಚಿ ತೆಗೆಸಿ. ಗೋಡೆಗೆ ಹಿಡಿಕೆ ಹಾಕಿಸುವಾಗ ಒಂದೇ ಕಡೆ ಹಾಕಿಸಬೇಡಿ. ಅವರಿಗೆ ಇರುವುದು ಬಲಗೈ. ಹೋಗುವಾಗ ಬಲಕ್ಕೆ ಸಿಕ್ಕಿದ ಹಿಡಿಕೆ ವಾಪಸು ಬರುವಾಗ ಎಡಕ್ಕೆ ಬಂದುಬಿಡುತ್ತದೆ.